ಏಣಿ ಹಿಡಿದವನ ಲೆಕ್ಕ

ಮಹಾನಂದಾ ಬಿರಾಜದಾರ ಕಂಪನಿ ತೆಗೆದಾಗ
ಅದರಾಗ ಇದ್ದವರು ಇಬ್ಬರ:
ಆಕಿ, ಮತ್ತ ಏಣಿ ಹಿಡಿಯೋ ನಾನು.

ಮೊದಲ ಗಿರಾಕಿ ನಾಗಣಸೂರ ರೇಶನ್ ಅಂಗಡಿ.
ಹೆಬ್ಬೆಟ್ಟು ಒತ್ತಿದರ ಮಷಿನ್ ಗರ ಬಡದಂಗ ಕೂಡತಿತ್ತು,
ಮುದುಕ್ಯಾರು ಖಾಲಿ ಚೀಲ ಹಾಸಿ ಮಲಗತಿದ್ದರು.
ಮಾಳಗಿ ಹತ್ತಿ, ತಾಟು ತಿರುವಿ ತಿರುವಿ
ಕಾಣದ್ದರ ಮುಖಕ್ಕ ಮುಖ ಹಚ್ಚಿದಳು ಆಕಿ.
"ಅಲ್ಲೀತನಕ ಮಾತು ಹೋಗಿ ಬರಲಿಕ್ಕ
ಅರ್ಧ ಸೆಕೆಂಡು ಬೇಕೋ ದಸ್ತಗೀರಾ,
ತಡೀ."
ತಡದಿವಿ. ಗೋದಿ ಸಿಕ್ಕಿತು.

ನಲವತ್ತೆರಡು ಮಾಳಗಿ.
ಒಂದರಾಗ ಜೇನು, ಒಂದರಾಗ ಕುಸಿದ ಜಂತಿ,
ನನ್ನ ಎಡಗಾಲು.
ಸೊಲ್ಲಾಪುರದ ಬ್ಯಾಂಕಿನಾಂವ ಮರಾಠಿಯೊಳಗ ನಕ್ಕ,
ಆಕಿ ಕನ್ನಡದಾಗ ಸಹಿ ಮಾಡಿದಳು.

ಆಮ್ಯಾಲ ಪುಣೆಯವರು ಬಂದರು, ಕೊಂಡರು.
ಈಗಿನ ಉಪಗ್ರಹ ತಗ್ಗಿನ್ಯಾಗ ಓಡತಾವಂತ,
ತಾಟು ತಾನ ಹುಡುಕತೈತಂತ,
ಯಾರೂ ತಿರುವೋದು ಬ್ಯಾಡಂತ.
ಆಕಿಗೆ ಗಾಜಿನ ಖೋಲಿ, ತಿರುಗೋ ಕುರ್ಚಿ.

ನಿನ್ನೆ ರಾತ್ರಿ ಫೋನ್.
"ರಾಜೀನಾಮೆ ಒಗದೆ. ಇನ್ನೂ ಮೂರು ಊರಿಗೆ ಸಿಗ್ನಲ್ ಇಲ್ಲ.
ಏಣಿ ಐತೇನು?"

ಅರ್ಧ ಸೆಕೆಂಡು ಹಿಡೀತು ನನಗ.
"ಐತಿ" ಅಂದೆ.

ಸುಣ್ಣದ ಮಲಕಣ್ಣ ಒಯ್ದು ವರ್ಷಾತು.
ಮುಂಜಾನೆದ್ದು ಇಸಗೊಂಡು ಬರಬೇಕು.