ಚಾಪೆ ಸಹಿತ

ಲಿಫೂಕ ದ್ವೀಪದ ಆಸ್ಪತ್ರೆಯಲ್ಲಿ
ಮಂಗಳವಾರ ತೂಕದ ದಿನ.
ತಕ್ಕಡಿ ನನ್ನದು, ಪೆನ್ಸಿಲು ನನ್ನದು,
ಭಾಗಾಕಾರವೂ ನನ್ನದೇ:
ಕಿಲೋವನ್ನು ಎತ್ತರದಿಂದ ಒಮ್ಮೆ ಭಾಗಿಸು,
ಬಂದದ್ದನ್ನು ಅದೇ ಎತ್ತರದಿಂದ ಇನ್ನೊಮ್ಮೆ.
ಉಳಿದದ್ದೇ ಮನುಷ್ಯ
ಎನ್ನುತ್ತದೆ ಗೋಡೆಯ ಪಟ.
ಹಸಿರು, ಹಳದಿ, ಕೆಂಪು.
ಬೆರಳಿಟ್ಟು ತೋರಿಸಿ ತೋರಿಸಿ
ಸವೆದಿರುವುದು ಕೆಂಪು ಮಾತ್ರ.

ಸೆಮಿಸಿ ಬಂದ, ಹಡಗಿನಿಂದ ಸಿಮೆಂಟು ಇಳಿಸುವವನು.
ಒಂದು ಮೀಟರು ಎಂಬತ್ತಾರು, ನೂರ ಹದಿನೆಂಟು ಕಿಲೋ.
ಮೂವತ್ತನಾಲ್ಕು. ಕೆಂಪು.
ರಟ್ಟೆಗೆ ಪಟ್ಟಿ ಸಾಲದೆ ದೊಡ್ಡದನ್ನು ತಂದೆ.
ರಕ್ತದೊತ್ತಡ, ಉಂಡು ಮಲಗಿದ ಕೂಸು.
ಭಾಗಾಕಾರಕ್ಕೆ ಕೈಯಿಲ್ಲವಲ್ಲ,
ಸ್ನಾಯುವೋ ಕೊಬ್ಬೋ ಮುಟ್ಟಿ ನೋಡಲು.
"ಸಾಯ್ತೀನಾ ಅಕ್ಕಾ?" ಎಂದ, ಹಲ್ಲು ಬಿಟ್ಟು.
"ಎಂದಾದರೂ," ಎಂದೆ.

ಫಿನಿಯಾಸಿ ಮೇಷ್ಟ್ರು ಒಣಕಲು ಕಡ್ಡಿ.
ಇಪ್ಪತ್ತೊಂದೂವರೆ!
ಹಸಿರಿಗೆ ಎಷ್ಟೋ ದಿನಕ್ಕೆ ಬಂದ ನೆಂಟ.
ಬೆಂಚಿನ ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.
ಮೇಷ್ಟ್ರು ನಾಚಿಕೊಂಡು ಬೆರಳು ಚಾಚಿದರು.
ಚುಚ್ಚಿದೆ. ಇನ್ನೊಂದು ಬೆರಳೂ ಚುಚ್ಚಿದೆ.
ಎರಡು ಸಲವೂ ಒಂದೇ ಮಾತು: ಸಕ್ಕರೆ.
ಚಪ್ಪಾಳೆ ತಟ್ಟಿದವರಿಗೆ ಏನು ಹೇಳಲಿ?

ಇನ್ನೂರು ವರ್ಷದ ಹಿಂದೆ, ಬೆಲ್ಜಿಯಮ್ಮಿನಲ್ಲಿ,
ನಕ್ಷತ್ರ ನೋಡುವವನೊಬ್ಬ ಕೂಡಿಸಿ ಕಳೆದು
ಕಂಡುಕೊಂಡ ಲೆಕ್ಕವಂತೆ ಇದು.
ಅವನು ಅಳೆದದ್ದು ಗುಂಪನ್ನು.
ಸೆಮಿಸಿಯನ್ನು ಅವನು ಕೇಳಿರಲಿಲ್ಲ,
ಮೇಷ್ಟ್ರನ್ನೂ.

ಕೊನೆಗೆ ಬಂದಳು ವಾಯಿಮೊವಾನ,
ಸೊಂಟಕ್ಕೆ ಸೂತಕದ ಚಾಪೆ ಸುತ್ತಿಕೊಂಡು:
ಅಜ್ಜಿಯ ಕಾಲದ್ದು, ಅಂಚು ಹರಿದದ್ದು,
ಮೊಣಕಾಲಿನ ಕೆಳಗಿನವರೆಗೂ ಒರಟು.
ಅಣ್ಣ ಹೋಗಿ ಹನ್ನೊಂದು ದಿನ.
ಚಪ್ಪಲಿ, ಬೀಗದಕೈ, ಚಾಪೆ, ಎಲ್ಲ ತೆಗೆಯಬೇಕು,
ನಿಯಮವಿದೆ.
ನಾನು ಚಪ್ಪಲಿಗೇ ನಿಲ್ಲಿಸಿದೆ.

ತೊಂಬತ್ತೆರಡೂವರೆ ಎಂದಿತು ತಕ್ಕಡಿ.
ಚಾಪೆಗೆಂದು ಅಂದಾಜಿಗೆ ಮೂರು ಕಳೆದೆ.
ಒಂದು ಮೀಟರು ಅರವತ್ತೆರಡು.
ಮತ್ತೆ ಮೂವತ್ತನಾಲ್ಕು!
ಪುಸ್ತಕದಲ್ಲಿ ಅವಳೂ ಸೆಮಿಸಿಯೂ ಅವಳಿಜವಳಿ.
ಆದರೆ ಇವಳಿಗೆ ಇಗರ್ಜಿಯ ಆರು ಮೆಟ್ಟಿಲಿಗೇ ಏದುಸಿರು,
ರಾತ್ರಿ ನಾಲ್ಕು ಸಲ ಎದ್ದು ನೀರು.

"ಹಾಗಾದರೆ ಈ ಲೆಕ್ಕ ಸುಳ್ಳೇ?" ಎಂದಳು,
ಬೆಳಗಿನಿಂದ ಬೆಂಚಿನ ಮೇಲೆ ಕೂತು ಎಲ್ಲ ಕಂಡಿದ್ದವಳು.
"ಸುಳ್ಳಲ್ಲ ಚಿಕ್ಕಮ್ಮ,
ಅದು ಬಾಗಿಲು ಬಡಿಯುತ್ತೆ.
ಒಳಗೆ ಯಾರಿದ್ದಾರೆ ಅಂತ ಅದಕ್ಕೆ ಗೊತ್ತಾಗಲ್ಲ."
ಗೊತ್ತಾಗಬೇಕಾದರೆ ಸೊಂಟದ ಸುತ್ತಳತೆ ಬೇಕು,
ಕರುಳ ಸುತ್ತ ಕೂತ ಕೊಬ್ಬೇ ಕೆಡುಕಿನದು;
ತೊಡೆಯದ್ದು ಅಷ್ಟು ಕಾಡುವುದಿಲ್ಲ.
ಟೇಪು ಹಿಡಿದು ನಿಂತೆ.
ಅಳೆಯಬೇಕಾದ ಜಾಗದಲ್ಲೇ
ಅವಳ ಅಣ್ಣ ಇದ್ದ.

ಸ್ವಲ್ಪ ಹೊತ್ತು ಫ್ಯಾನಿನ ಸದ್ದು.
"ಕೊಡು ಇಲ್ಲಿ," ಎಂದು ಅವಳೇ ಟೇಪು ಕಸಿದು
ಚಾಪೆಯಡಿ ತೂರಿಸಿದಳು,
ಬೆನ್ನ ಹಿಂದೆ ತಡಕಿ, ಮುಂದಕ್ಕೆಳೆದು.
ನಾನು ಕಿಟಕಿಯಾಚೆ ನೋಡಿದೆ,
ಅಲ್ಲೊಂದು ಹಂದಿ, ಮೂರು ಮರಿ.
ಗುರುತಿನ ಮೇಲೆ ಹೆಬ್ಬೆರಳ ಉಗುರು ಒತ್ತಿ
ಟೇಪನ್ನು ನನ್ನ ಕೈಗಿಟ್ಟಳು,
ಮೈಯ ಬಿಸಿ ಇನ್ನೂ ಆರಿರಲಿಲ್ಲ.

ನೂರ ಹನ್ನೊಂದು.
ಬರೆದೆ. ನಾಳೆ ಬೆಳಗ್ಗೆ ಏನೂ ತಿನ್ನದೆ ಬಾ ಎಂದೆ,
ರಕ್ತ ತೆಗೆಯಬೇಕು.
ಅವಳು ಹೋದ ಮೇಲೆ
ತೂಕದ ಸಾಲಿನಲ್ಲಿ ಎಂಬತ್ತೊಂಬತ್ತೂವರೆ ಅಳಿಸಿ
ತೊಂಬತ್ತೆರಡೂವರೆ ಎಂದು ತಿದ್ದಿದೆ.
ಪಕ್ಕದಲ್ಲಿ, ಸಣ್ಣಗೆ: ಚಾಪೆ ಸಹಿತ.