ಒಂದು ರಾತ್ರಿಗೆ ಮೂವತ್ತೈದು ರಿಯಾಲು

ಕೀಲಿಪೆಟ್ಟಿಗೆಯ ನಂಬರು ಫೋನಿಗೆ ಬಂತು.
ನಾಲ್ಕು ಅಂಕಿ ಒತ್ತಿದರೆ ತೆರೆಯುವುದು
ಅಜ್ಜ ಕೂರಿಸಿದ ಬಾಗಿಲು.
ಬಾಡಿಗೆ ಕೊಟ್ಟು ಒಳಗೆ ಬಂದೆ.

ಅಲ್ ಖಬೂರಾದ ಈ ತೋಟದಲ್ಲಿ ಈಗ
ನೀಲಿ ಬಿಲ್ಲೆಗಳ ಈಜುಕೊಳ, ಮಾಂಸ ಸುಡುವ ಒಲೆ,
ಮಕ್ಕಳಿಗೊಂದು ಜಾರುಬಂಡೆ.
ಗೋಡೆಯ ಮೇಲೆ ಚೌಕಟ್ಟು ಹಾಕಿದ ನಿಯಮ:
ಮಧ್ಯಾಹ್ನ ಹನ್ನೆರಡಕ್ಕೆ ಮನೆ ಖಾಲಿ ಮಾಡತಕ್ಕದ್ದು.
ಮಾಡಿದ್ದೆವು ಒಮ್ಮೆ. ಹನ್ನೊಂದೂವರೆಗೇ.

ಅಣ್ಣಿಗೇರಿಯ ಮೋದಿನಸಾಬ ನದಾಫ
ಲಾಂಚಿನಿಂದ ಇಳಿದಾಗ ಹೆಗಲಲ್ಲಿ ಹತ್ತಿ ಪಿಂಜುವ ಬಿಲ್ಲು.
ಕಸ್ಟಮ್ಸಿನವ ಕೇಳಿದನಂತೆ, ಇದ್ಯಾವ ವಾದ್ಯ? ಬಾರಿಸು.
ಅಜ್ಜ ಕೊಡತಿ ಎತ್ತಿ ನರಕ್ಕೆ ಕೊಟ್ಟ:
ಧುಂಯ್. ಧುಂಯ್ ತಕ್. ಧುಂಯ್.
ಬಂದರದಲ್ಲಿ ಇಬ್ಬರು ಹಮಾಲರು ಕುಣಿದರು.
ಮುದ್ರೆ ಬಿತ್ತು.

ಮುಸಬ್ಬಹ್ ಅರಬಾಬನ ಮದುವೆಗೆ ಹನ್ನೆರಡು ಗಾದಿ,
ಮೂರು ತಿಂಗಳ ಕೆಲಸ, ಅಷ್ಟೇ.
ತನ್ನ ತಲೆಗೆ ಊರಿಂದ ತಂದ ದಿಂಬು,
ಅಜ್ಜಿ ಕಾಶೀಂಬಿ ತುಂಬಿ ಹೊಲಿದದ್ದು.
ಮಲಗಿದರೆ ಕಿವಿಯ ಕೆಳಗೆ ಏನೋ ಗಟ್ಟಿ.
ಬಿಚ್ಚಿದರೆ ಬೀಜ. ಒಂದಲ್ಲ, ಹತ್ತೊಂಬತ್ತು.
ಪಿಂಜಾರನ ದಿಂಬಿನಲ್ಲಿ ಹತ್ತಿಕಾಳು!
ಅಕ್ಕಸಾಲಿಗನ ಹೆಂಡತಿಯ ಕೊರಳಲ್ಲಿ ಹಿತ್ತಾಳೆ ಸಿಕ್ಕಂತೆ.
ಯಾರೂ ನೋಡದ ಹಾಗೆ ರಾತ್ರೋರಾತ್ರಿ
ಬಾವಿಯ ಪಕ್ಕ ಹೂತುಬಿಟ್ಟ.

ಏಳು ಮೊಳೆತವು. ಐದನ್ನು ಆಡು ತಿಂದವು.
ಉಳಿದೆರಡರ ಸುತ್ತ ಅರಬಾಬ ಮೀನಿನ ಬಲೆ ಕಟ್ಟಿಸಿದ.
ಹಳದಿ ಹೂವು ಮಾರನೆಯ ದಿನ ಕೆಂಪಾದದ್ದು ಕಂಡು
ಹೊಸ ಮದುವಣಿಗ ಅಂದ: ಪಿಂಜಾರ, ನೀನು ಇರು.

ಮೊದಲು ಖರ್ಜೂರದ ಗರಿಯ ಗುಡಿಸಲು.
ಅಜ್ಜಿ ಬಂದ ವರ್ಷ ಸಿಮೆಂಟಿನದೊಂದು ಕೋಣೆ.
ಅಪ್ಪ ಹುಟ್ಟಿದಾಗ ಇನ್ನೊಂದು.
ಮೂರನೆಯದಕ್ಕೆ ಗಾರೆ ಆಗುವ ಮುಂಚೆಯೇ
ಹೊಲ ಬಿರಿದು, ಅದು ಹತ್ತಿಯದೇ ಕೋಣೆಯಾಯಿತು.
ಮೊಮ್ಮಕ್ಕಳು ನಾವು ಅದರೊಳಕ್ಕೆ ಹಾರಿ, ಮುಳುಗಿ,
ಕೆಮ್ಮುತ್ತ ಹೊರಬರುತ್ತಿದ್ದೆವು
ಹುಬ್ಬು ನರೆತ ಮುದುಕರಾಗಿ.

ಇಡೀ ಮನೆಗೆ ಒಂದೇ ಕಾಗದ.
ಅದರಲ್ಲಿ ನಮ್ಮ ಹೆಸರಿಲ್ಲ.
ಅಜ್ಜಿ ಕೆದಕಿದರೆ ಅಜ್ಜ ಸೂಜಿಗೆ ದಾರ ಪೋಣಿಸುತ್ತ
"ಗಾದಿ ಹೊಲ್ಯಾಂವಗ ಗಾದಿ ಸೇರೂದಿಲ್ಲ" ಅನ್ನುತ್ತಿದ್ದ.

ಆಮೇಲೆ ಸಮುದ್ರ ನೆಲದೊಳಗಿನಿಂದ ನಡೆದು ಬಂತು.
ಬಾವಿ ಮೊದಲು ಚಹಾ ಕೆಡಿಸಿತು,
ಆಮೇಲೆ ನಿಂಬೆ, ಆಮೇಲೆ ಮಾವು.
ಹತ್ತಿಯೊಂದೇ ಉಪ್ಪು ಕುಡಿದು ನಿಂತಿತು, ಕುಳ್ಳಗೆ, ಹಟಕ್ಕೆ.
ಅರಬಾಬ ತೀರಿಕೊಂಡ.
ಅವನ ಮಕ್ಕಳು ಒಳ್ಳೆಯವರು,
ಹಲ್ವಾ ತಂದು, ನಮ್ಮ ಚಾಪೆಯ ಮೇಲೆ ಕೂತು,
ಲೋಟದ ತಳ ನೋಡುತ್ತ ಹೇಳಿದರು.

ಬಿಲ್ಲಿಗೆ ಹಳೆ ಸೀರೆ ಸುತ್ತುತ್ತ ಅಜ್ಜಿ ಅಂದಳು:
"ಕಾಳು ನಾನs ಬಿಟ್ಟಿದ್ದೆ.
ನನಗೇನು ಹತ್ತಿ ಹಸನು ಮಾಡಾಕ ಬರೂದಿಲ್ಲಂತ ತಿಳ್ಕೊಂಡಿದ್ರಿ?
ಮಲಗಿದಾಗರೆ ಚುಚ್ಚಲಿ ಅಂತ."
ಮೂವತ್ತು ವರ್ಷ ಮುಚ್ಚಿಟ್ಟ ನಾಚಿಕೆ.
ಅಜ್ಜ ನಕ್ಕನೋ ಸಿಟ್ಟಾದನೋ ನಾನು ನೋಡಲಿಲ್ಲ,
ಹೊರಗೆ ಟ್ಯಾಕ್ಸಿಯವನು ಹಾರ್ನ್ ಹೊಡೆಯುತ್ತಿದ್ದ.

ರಾತ್ರಿ ಹತ್ತಿಯ ಕೋಣೆಯಲ್ಲೇ ಮಲಗಿದೆ.
ಫೋಮಿನ ಹಾಸಿಗೆ. ನಿದ್ದೆ ಬಂತು, ಸುಳ್ಳೇಕೆ.

ಬೆಳಿಗ್ಗೆ ಪಂಪಿನ ಶೆಡ್ಡಿನ ಹಿಂದೆ ಸೊಂಟದೆತ್ತರದ ಗಿಡ.
ಸಿಲ್ಹೆಟಿನ ಮೊಫಿಜುಲ್ ಕಾವಲುಗಾರ, ಮಾಲಿ ಎಲ್ಲ.
ಕೀಳು ಅಂದಿದ್ದಾರೆ, ಮಕ್ಕಳ ಚೆಂಡು ಸಿಕ್ಕಿಕೊಳ್ಳುತ್ತದಂತೆ.
"ಕಿವಿ ನೋವಿಗೆ ಬೇಕಾಗುತ್ತದೆ," ಅಂದ, "ಬಿಟ್ಟಿದ್ದೇನೆ."
ನಾನ್ಯಾರೆಂದು ಹೇಳಲಿಲ್ಲ.
ಒಂದು ತೊಳೆ ಕೇಳಿ ಪಡೆದೆ.

ಉಗುರಿನಿಂದ ಕಾಳು ಬಿಡಿಸಿ
ದಿಂಬಿನ ಜಿಪ್ಪು ಎಳೆದು ಒಳಗಿಟ್ಟೆ.
ಫೋಮು ಹಿಡಿಯಲಿಲ್ಲ. ಪುಟಿದು ನೆಲಕ್ಕೆ ಬಿತ್ತು.
ಮಂಚದ ಕೆಳಗೆ ಕೈಯಾಡಿಸಿದೆ,
ಮೊಣಕಾಲೂರಿ, ಫೋನಿನ ದೀಪ ಹಿಡಿದು.
ಹನ್ನೆರಡೂ ಹತ್ತು.
ಬಾಗಿಲು ಬಡಿಯುತ್ತಿದ್ದಾರೆ.