ಎಡಕ್ಕೆ ಹೋಗದ ಹಿಡಿಕೆ

ಮೇ ತಿಂಗಳ ಕೊನೆಗೆ ಹಿನ್ನೀರು ಸರಿದಾಗ
ಟೇಪು ಹಿಡಿದು ಹಳೇ ಬಾಗಲಕೋಟೆಗೆ ಇಳಿದೆ.
ಅಪ್ಪನ ಸೋಡಾ ಅಂಗಡಿ ಇಷ್ಟೇ: ಕಟ್ಟೆಯ ಒಂದು ಮೂಲೆ,
ರಾಡಿಯಲ್ಲಿ ಸಿಕ್ಕ ಒಂದು ಗೋಲಿ.
ಅದರ ಬಾಜೂಕ ರಾಜೇಸಾಬರ ಗೇಮಿನ ಅಂಗಡಿ,
ಶಾಬಾದಿ ಫರಸಿಯ ಮೇಲೆ
ನಾಲ್ಕು ತುಕ್ಕಿನ ಕಲೆ.
ಇಪ್ಪತ್ತೈದು ಇಂಚು, ಮೂವತ್ತೊಂದು ಇಂಚು.
ಎಮ್ಮೆ ಕಾಯುವ ಹುಡುಗ ಕೇಳಿದ,
"ಅಕ್ಕಾರ, ಏನ್ ಕಳಕೊಂಡೀರಿ?"
"ಏನೂ ಇಲ್ಲೋ, ಅಳತಿ ತಗೋಳಾಕತ್ತೀನಿ."

ನವನಗರದಲ್ಲಿ ಪ್ಲೈವುಡ್ಡು ಸೀಳಿಸಿದೆ,
ಹದಿನೆಂಟು ಎಮ್ಮೆಮ್ಮಿನದು.
ಬಡಿಗೇರ ಮೌನೇಶ ಪೆನ್ಸಿಲ್ಲು ಕಿವಿಗೆ ಸಿಕ್ಕಿಸಿ ಕೇಳಿದ:
"ಕಪಾಟ ಅಲ್ಲ, ಜಗಲಿ ಅಲ್ಲ,
ಎದಿ ಮುಂದ, ಹೊಟ್ಟಿ ಒಳಗ,
ಇದೆಂಥಾ ದೇವರ ಮನೀರಿ?"
ಗುಳೇದಗುಡ್ಡದ ರಿಪೇರಿಯವನು ಅಟ್ಟದಿಂದ ಇಳಿಸಿಕೊಟ್ಟ
ಬೆನ್ನು ಉಬ್ಬಿದ ಹಳೇ ಟಿವಿ;
ಹಚ್ಚಿದ ಕೂಡಲೇ ಮುಂಗೈ ರೋಮ ಎದ್ದವು.
ಹಿಡಿಕೆ, ಗುಂಡಿಗಳು ದಿಲ್ಲಿಯಿಂದ ಕೊರಿಯರಿನಲ್ಲಿ.
ಎಲ್ಲದರ ಒಳಗೆ, ಅಂಗೈ ಅಗಲದ ಒಂದು ಬೋರ್ಡು.

ಎಮ್ಯುಲೇಟರ್ ಅಂದರೆ ಇಷ್ಟೇ, ಮೌನೇಶಾ:
ಆಟಕ್ಕೆ ತನ್ನ ಮನೆ ಮುಳುಗಿದ್ದು ಗೊತ್ತಿಲ್ಲ.
ಹಳೇ ಚಿಪ್ಪಿನ ಕದ ತಟ್ಟುತ್ತದೆ. ಒಳಗಿಂದ ಇನ್ಯಾರೋ
ಅದೇ ದನಿಯಲ್ಲಿ ಓ ಅನ್ನುತ್ತಾರೆ.
ನಾಣ್ಯ ಬಿತ್ತೇ? ಬಿತ್ತು.
ಬಣ್ಣ ಎಲ್ಲಿಡಲಿ? ಮೊದಲಿಟ್ಟಲ್ಲೇ ಇಡು.
ಸೆಕೆಂಡಿಗೆ ಅರವತ್ತು ಸಲ ಸುಳ್ಳು,
ಒಂದೂ ತೊದಲದ ಹಾಗೆ.

ಮೌನೇಶ ರಂದಾ ನಿಲ್ಲಿಸಿದ.
"ನಮ್ಮವ್ವ ಇನ್ನೂ ಸೆಕ್ಟರ್ ನಂಬರ ಹೇಳೂದಿಲ್ರೀ.
ರಿಕ್ಷಾದವಗ ಹಳೇ ಓಣಿ ಹೆಸರ ಹೇಳ್ತಾಳ.
ಅವನೂ ಹೂಂ ಅಂತಾನ,
ಸರಿಯಾಗಿ ಮನಿಗೇ ತಂದ ಬಿಡ್ತಾನ."

ನಾನು ಆ ಅಂಗಡಿಯಲ್ಲಿ ಆಡಿದವಳಲ್ಲ.
ಐದರ ನೋಟು ಹಿಡಿದು ಓಡಿ ಬರುವ ಹುಡುಗರಿಗೆ
ಅಪ್ಪನ ಗಲ್ಲಾದಿಂದ ಚಿಲ್ಲರೆ ಎಣಿಸಿಕೊಟ್ಟವಳು.
ಹಸಿರು ಪರದೆ, ಅದರ ಕೆಳಗೆ
ಹವಾಯಿ ಚಪ್ಪಲಿಗಳ ಸಾಲು, ಒಂದೊಂದೂ ತುದಿಗಾಲಲ್ಲಿ.
ಕಿವಿಯಿಂದಲೇ ಕಲಿತೆ:
ಮೂರು ಸಣ್ಣ ಸಿಡಿತ, ಒಂದು ದೊಡ್ಡದು,
ಆಮೇಲೆ ಯಾವನೋ ಥೂ ಅಂದರೆ
ಇನ್ನೊಂದು ರೂಪಾಯಿ ತೆಗೆದಿಡಬೇಕು.

ಶುಕ್ರವಾರ ನಮಾಜು ಮುಗಿಸಿ ರಾಜೇಸಾಬರು ಬಂದರು,
ಮೊಮ್ಮಗಳ ಸ್ಕೂಟಿಯ ಹಿಂದೆ ಕೂತು.
ಮಂಡಿನೋವು; ಆದರೂ ಸ್ಟೂಲು ಒಲ್ಲೆ ಅಂದರು.
"ಇದನ್ನ ನಿಂತಽ ಆಡಬೇಕು."
ಮೊದಲ ಹಿಡಿಕೆ ಆಡಿಸಿದರು. ಹೂಂ.
ಎರಡನೆಯದನ್ನು ಆಡಿಸಿ ಮುಖ ಸಿಂಡರಿಸಿದರು.
"ಇದು ನಂದಲ್ಲ."
ಯಾಕ್ರೀ?
"ಎಡಕ್ಕ ಹೊಂಟೈತಿ."

"ಒಂಬತ್ತ ವರ್ಷ ರಿಪೇರಿ ಮಾಡಸಲಿಲ್ಲ ನಾ.
ಸೋತವರು ಎಲ್ಲಾ ಆ ಹಿಡಿಕಿ ಮ್ಯಾಲ ಹಾಕಿ
ತಲಿ ಎತ್ತಿ ಮನಿಗೆ ಹೋಗತಿದ್ರು.
ಮರುದಿನಾ ಮತ್ತ ಬರತಿದ್ರು.
ಸೋತವಗ ಒಂದ ನೆಪ ಬೇಕವ್ವಾ,
ಇಲ್ಲಂದ್ರ ಅಂಗಡಿ ನಡಿಯೂದಿಲ್ಲ."

ರಾತ್ರಿ ಹಿಂದಿನ ಬಾಗಿಲು ಬಿಚ್ಚಿ
ಎಡದ ಸ್ವಿಚ್ಚಿನ ವಾಯರು ಕಿತ್ತೆ.
ಹೊಸ ತಾಮ್ರ, ಕತ್ತರಿಸಲು ಮನಸ್ಸಾಗಲಿಲ್ಲ,
ಟೇಪು ಸುತ್ತಿ ಪಕ್ಕಕ್ಕೆ ಮಲಗಿಸಿದೆ.

ಆಮೇಲೆ ಅಪ್ಪನ ಡಬ್ಬಿಯಿಂದ ಹಳೇ ರೂಪಾಯಿ ಒಂದು
(ಈಗಿನದು ಹಗುರ, ಸಂದಿಯಲ್ಲಿ ತೂಕ ಸಾಲದು)
ತೂರಿಸಿದೆ. ಟಣ್.
ನಲವತ್ತಾರನೇ ವಯಸ್ಸಿಗೆ ಪರದೆಯ ಒಳಗೆ ನಿಂತೆ,
ಎರಡನೇ ಹಿಡಿಕೆಯ ಕಡೆ.
ವೈರಿಗಳು ಎಡದಿಂದಲೇ ಬಂದರು.
ಬಲಕ್ಕೆ, ಬಲಕ್ಕೆ, ಇನ್ನೂ ಬಲಕ್ಕೆ ಸರಿದು
ಅಂಚಿಗೆ ಹತ್ತಿ ಸತ್ತೆ, ಹನ್ನೊಂದು ಸೆಕೆಂಡಿಗೆ.

ಗಟ್ಟಿಯಾಗಿ, ಪಕ್ಕದ ಅಂಗಡಿಗೆ ಕೇಳುವ ಹಾಗೆ ಅಂದೆ:
"ಹಿಡಿಕಿ ಸರಿ ಇಲ್ಲಾ!"

ಡಬ್ಬಿಯಲ್ಲಿ ಇನ್ನೂ ಹದಿನೇಳು ರೂಪಾಯಿ.